ಸ್ಪ್ರಿಂಗ್ ಪ್ಲೇಟಿಗೆ ವೆಲ್ಡಿಂಗ್ ಏಕೆ ಬೇಡ?

ಗೊಬ್ಬರ ಹೇರಿದ ಜೀಪಿನ ಸ್ಪ್ರಿಂಗ್ ಪ್ಲೇಟು ತುಂಡಾದರೆ “ಲೋಡು ಹೆಚ್ಚಾಯಿತು” ಎಂದು ಬಿಡುತ್ತೇವೆ. ಲೋಡೂ ಒಂದು ಕಾರಣವೇ. ಆದರೆ ತುಂಡನ್ನು ಗುಜರಿಗೆ ಹಾಕುವ ಮೊದಲು ಮುರಿದ ಜಾಗವನ್ನೊಮ್ಮೆ ನೋಡಿರಿ. ಅನೇಕ ವೇಳೆ ಒಂದು ಅಂಚಿನಲ್ಲಿ ನಯವಾಗಿ, ತುಕ್ಕಿನಿಂದ ಕಪ್ಪಾದ ಭಾಗವಿರುತ್ತದೆ. ಉಳಿದದ್ದು ಒರಟಾಗಿ ಹೊಳೆಯುತ್ತದೆ. ಕಪ್ಪಾದದ್ದು ಹಿಂದೆಯೇ ಬಿರುಕು ಬಿಟ್ಟ ಭಾಗ, ಹೊಳೆಯುವುದು ಈಗ ಮುರಿದದ್ದು.

ಇದನ್ನು ಲೋಹದ ದಣಿವು ಎನ್ನುತ್ತಾರೆ. ಒಂದೇ ಸಲಕ್ಕೆ ಏನೂ ಮಾಡಲಾರದ ಭಾರ, ಲಕ್ಷಾಂತರ ಸಲ ಬಿದ್ದಾಗ ಉಕ್ಕನ್ನು ಸೀಳುತ್ತದೆ. ರೈಲುಗಾಡಿಗಳ ಅಚ್ಚುಗಳು ಹೀಗೆ ಮುರಿಯುತ್ತಿದ್ದುದನ್ನು ಜರ್ಮನಿಯ ವೋಲರ್ ಎಂಬ ಇಂಜಿನಿಯರು 1850–60ರ ದಶಕಗಳಲ್ಲಿ ಪ್ರಯೋಗ ಮಾಡಿ ತೋರಿಸಿಕೊಟ್ಟರು.

ಬಿರುಕು ಸಾಮಾನ್ಯವಾಗಿ ಮೇಲ್ಮೈಯಲ್ಲಿ, ಹೆಚ್ಚು ಎಳೆತ ಬೀಳುವಲ್ಲಿ ಹುಟ್ಟುತ್ತದೆ. ಎಳೆತವಿಲ್ಲದೆ ಅದು ಬಾಯಿ ಬಿಡದು. ಹಾಗಾದರೆ ಮೇಲ್ಮೈಯನ್ನು ಮೊದಲೇ ಅದುಮಿಟ್ಟರೆ? ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರರು ಕಾದ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಹಿರಿಯರು ಕಂಡಿದ್ದಾರೆ. ಪಟ್ಟಿ ತಣಿದು ಕುಗ್ಗಿ ಮರದ ಕೀಲುಗಳನ್ನು ಬಿಗಿಯುತ್ತದೆ. ಕೀಲು ಸಡಿಲಬೇಕಾದರೆ ಮೊದಲು ಆ ಬಿಗಿತವನ್ನು ಮೀರಬೇಕು. ಸ್ಪ್ರಿಂಗ್ ಕಾರ್ಖಾನೆಯಲ್ಲಿ ಇದೇ ಉದ್ದೇಶಕ್ಕೆ ಸಾಸಿವೆ ಗಾತ್ರದ ಉಕ್ಕಿನ ಗುಂಡುಗಳನ್ನು ಪ್ಲೇಟಿನ ಮೇಲೆ ರಭಸದಿಂದ ಹೊಡೆಯುತ್ತಾರೆ. ಹೆಸರು ಶಾಟ್ ಪೀನಿಂಗ್. ಪೆಟ್ಟು ತಿಂದ ಪದರ ಹರಡಲು ನೋಡುತ್ತದೆ, ಕೆಳಗಿನ ಲೋಹ ಬಿಡುವುದಿಲ್ಲ. ಹೀಗೆ ಮೇಲ್ಪದರ ಅದುಮಿಕೊಂಡೇ ಉಳಿಯುತ್ತದೆ. ಪ್ಲೇಟು ಬಾಗಿದಾಗ ಎಳೆತ ಬೀಳುವುದು ಅದರ ಮೇಲುಮುಖಕ್ಕೆ. ಆದ್ದರಿಂದ ಗುಂಡಿನ ಪೆಟ್ಟು ಮುಖ್ಯವಾಗಿ ಆ ಮುಖಕ್ಕೇ.

ಪ್ಲೇಟಿನ ಕಸುಬು ಮಂಗಳೂರಿಗೆ ಹೊಸದಲ್ಲ. ಸಿ.ಪಿ.ಸಿ. ಬಸ್ಸು ಸಂಸ್ಥೆಯನ್ನು ಕಟ್ಟಿದ ವಿ. ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ ಇಲ್ಲಿಯೇ ಸ್ಪ್ರಿಂಗ್ ತಯಾರಿಸಿ ಹೆಸರು ಗಳಿಸಿತ್ತು.

ಈ ರಕ್ಷಣೆಯ ಪದರ ಅರ್ಧ ಮಿಲಿಮೀಟರಿನಷ್ಟೂ ದಪ್ಪವಿರುವುದಿಲ್ಲವೆನ್ನಬಹುದು. ಕೆಡಿಸುವುದು ಬಲು ಸುಲಭ. ಮುರಿದ ಮೈನ್ ಪ್ಲೇಟಿಗೆ ವೆಲ್ಡಿಂಗ್ ಮಾಡಿಸಿದರೆ ಆ ಕಾವಿಗೆ ಅದುಮಿದ ಬಿಗಿ ಹೋಗುತ್ತದೆ, ಕಾರ್ಖಾನೆಯವರು ಕೊಟ್ಟ ಹದವೂ ಹೋಗುತ್ತದೆ, ಬೆಸುಗೆಯ ಪಕ್ಕದ ಉಕ್ಕು ಗಾಜಿನಂತೆ ಪೆಡಸಾಗುತ್ತದೆ. ನೋಡಲು ಗಟ್ಟಿ. ಆದರೆ ಮತ್ತೆ ಮುರಿಯುವುದು ಅದರ ಪಕ್ಕದಲ್ಲೇ, ಬಹುಶಃ ಚಾರ್ಮಾಡಿಯ ತಿರುವಿನಲ್ಲಿ. ವೆಲ್ಡಿಂಗಿನ ಉಳಿತಾಯ ಉಳಿತಾಯವೇ ಅಲ್ಲ, ಪ್ಲೇಟನ್ನು ಬದಲಾಯಿಸಲೇಬೇಕು. ಕಾಯಿಸಿ ಬಾಗು ಕೊಡಿಸಿದ ಹಳೆಯ ಪ್ಲೇಟಿನ ಕಥೆಯೂ ಇದೇ. ಗ್ರೈಂಡರಿನ ಗೀರು, ಉಳಿಯಿಂದ ಹೊಡೆದ ಗುರುತು, ಇವೂ ಬಿರುಕಿಗೆ ದಾರಿ.

ನಮ್ಮ ತೋಟಗಳಲ್ಲಿ ಇನ್ನೊಂದು ಶತ್ರುವುಂಟು: ಮೈಲುತುತ್ತು. ಬೋರ್ಡೋ ದ್ರಾವಣದ ಹದ ನೋಡಲು ಕತ್ತಿಯ ಅಲಗನ್ನು ಅದ್ದುತ್ತೇವಷ್ಟೆ. ಸುಣ್ಣ ಕಡಿಮೆಯಾದರೆ ಅಲಗಿಗೆ ತಾಮ್ರ ಕೂತು ಕೆಂಪಾಗುತ್ತದೆ, ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ಗಾಡಿಯಲ್ಲಿ ಸಾಗಿಸುವಾಗ ಮೈಲುತುತ್ತಿನ ನೀರು ಪ್ಲೇಟಿನ ಮೇಲೆ ಚೆಲ್ಲಿದರೆ ಅಲ್ಲಿಯೂ ಹೀಗೆಯೇ ಗುಳಿ ಬೀಳುತ್ತದೆ. ಬಿರುಕಿಗೆ ಅಷ್ಟು ಸಾಕು. ಅಂದೇ ಒಳ್ಳೆಯ ನೀರಿನಲ್ಲಿ ತೊಳೆಯಿರಿ.

ಇಂಜಿನಿನ ಕ್ರ್ಯಾಂಕ್ ಶಾಫ್ಟುಗಳಲ್ಲಿ ಕೆಲವಕ್ಕೆ ಅಮೋನಿಯಾ ಅನಿಲದಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿಟ್ಟು ಸಾರಜನಕ ಹಿಡಿಸಿರುತ್ತಾರೆ. ಅವುಗಳ ಪದರವೂ ತೆಳುವೇ. ಗ್ರೈಂಡಿಂಗಿಗೆ ಕೊಡುವ ಮೊದಲು ತಯಾರಕರ ಪುಸ್ತಕದಲ್ಲಿ ಏನು ಹೇಳಿದೆಯೆಂದು ನೋಡಬೇಕು. ಕ್ರೋಮ್ ಲೇಪನ ಹೊಳಪು ಕೊಟ್ಟೀತು, ಆದರೆ ದಣಿವನ್ನು ತಾಳುವ ಶಕ್ತಿಯನ್ನು ಸಾಮಾನ್ಯವಾಗಿ ಕುಗ್ಗಿಸುತ್ತದೆ.

ಹೊಸ ಪ್ಲೇಟು ಹಾಕಿಸಿದ ಮೇಲೆ ಕೆಲವು ದಿನ ಓಡಿಸಿ, ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿರಿ. ಅವು ಸಡಿಲವಾದರೆ ಎಷ್ಟು ಒಳ್ಳೆಯ ಪ್ಲೇಟೂ ನಡುವಿನ ತೂತಿನ ಬಳಿ ತುಂಡಾಗುತ್ತದೆ.