ಗುಂಡು ಕೆಳಗೆ, ಗಾಳ ಮೇಲೆ



"ಗಾಳ ಹಾಕೋದು ಗಂಡಸರ ಕೆಲ್ಸ, ನಮಗ್ಯಾಕೆ?" ಎಂದು ನೀವು ಕೇಳಬಹುದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮನೆಯ ಸಾರಿಗೆ ಹೊಳೆಯ ಗಾಳದ ಮೀನೇ ಆಧಾರ. ಇನ್ನೊಂದು ಮಾತೂ ಇದೆ. ಕಲ್ಲಿಗೆ ಸಿಕ್ಕಿ ಹರಿದ ಗಾಳ ಹೊಳೆಯಲ್ಲೇ ಉಳಿಯುತ್ತದೆ. ಇಳಿತದ ಹೊತ್ತಿಗೆ ಬರಿಗಾಲಲ್ಲಿ ಬಳಚು ಹೆಕ್ಕಲು ಇಳಿಯುವವರು ನಾವು. ಅದು ಚುಚ್ಚುವುದು ನಮ್ಮ ಕಾಲಿಗೇ.

ಸಾಮಾನ್ಯವಾಗಿ ಗುಂಡನ್ನು ಮೇಲೆ, ಗಾಳವನ್ನು ದಾರದ ತುದಿಗೆ ಕಟ್ಟುತ್ತಾರೆ. ಗಾಳ ತಳಕ್ಕೆ ಬಿದ್ದು ಕೆಸರಿನಲ್ಲಿ ಹೂತುಹೋಗುತ್ತದೆ, ಇಲ್ಲವೇ ಕಲ್ಲಿಗೆ ಸಿಗುತ್ತದೆ. ಎರೆಯನ್ನು ಏಡಿ ತಿಂದು ಮುಗಿಸುತ್ತದೆ.

ಇದನ್ನು ತಿರುವು ಮಾಡಿ ಕಟ್ಟಿದರೆ? ಗುಂಡು ತಳದಲ್ಲಿ ಕೂರುತ್ತದೆ, ಗಾಳ ಒಂದಡಿ ಮೇಲೆ ನಿಲ್ಲುತ್ತದೆ. ಹೊರದೇಶಗಳಲ್ಲಿ ಇದಕ್ಕೆ ಡ್ರಾಪ್ ಶಾಟ್ ಎನ್ನುತ್ತಾರೆ. ದಾರವನ್ನು ಬೆರಳಲ್ಲಿ ಮೆಲ್ಲಗೆ ಅಲುಗಿಸಿದರೆ ಗುಂಡು ಕದಲುವುದಿಲ್ಲ, ಎರೆ ಮಾತ್ರ ನಿಂತಲ್ಲೇ ಕುಣಿಯುತ್ತದೆ. ಭರತ-ಇಳಿತದ ಸೆಳೆತ ಇದ್ದರೆ ನೀರೇ ಅದನ್ನು ಆಡಿಸುತ್ತದೆ.

ಕುರುಡಿ ಮೀನು ಬೇಟೆಯನ್ನು ದೂರ ಅಟ್ಟಿಸಿಕೊಂಡು ಹೋಗುವುದು ಕಡಿಮೆ. ಸೇತುವೆಯ ಕಂಬ, ಬಂಡೆ, ಕಾಂಡ್ಲಾ ಬೇರಿನ ಮರೆಯಲ್ಲಿ ಕಾದು ನಿಂತು, ಎದುರಿಗೆ ಬಂದದ್ದನ್ನು ಗಬಕ್ಕನೆ ನುಂಗುತ್ತದೆ. ಎಸೆದು ಎಳೆದ ಎರೆ ಅದರ ಮುಂದೆ ಒಂದು ಗಳಿಗೆ ಮಾತ್ರ. ನಿಂತಲ್ಲೇ ಆಡುವ ಎರೆ ಎಷ್ಟು ಹೊತ್ತು ಬೇಕಾದ್ರೂ ಇರುತ್ತದೆ. ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಭಟ್ಕಳದ ವೆಂಕಟಾಪುರ ಹೊಳೆ ಎಲ್ಲಿಯಾದರೂ ಹೀಗೆ ಹಾಕಿ ನೋಡಬಹುದು.

ಕಟ್ಟುವ ಕ್ರಮ:

1. ತಂಗೂಸಿ ದಾರವನ್ನು ಮಡಚಿ ಗಾಳದ ಕಣ್ಣಿನಲ್ಲಿ ತೂರಿಸಿ ಸಡಿಲ ಗಂಟು ಹಾಕಿರಿ. ತುದಿಯಲ್ಲಿ ಒಂದು ಗೇಣು ದಾರ ಮಿಗಿಸಿರಿ.

2. ಮಡಿಕೆಯ ಕುಣಿಕೆಯೊಳಗೆ ಗಾಳವನ್ನು ದಾಟಿಸಿ, ದಾರ ಒದ್ದೆ ಮಾಡಿ ಬಿಗಿಯಿರಿ.

3. ಮಿಕ್ಕ ಗೇಣು ದಾರವನ್ನು ಮೊನೆಯ ಬದಿಯಿಂದ ಮತ್ತೆ ಕಣ್ಣಿನೊಳಗೆ ಕೆಳಕ್ಕೆ ತೂರಿಸಿರಿ. ಗಾಳ ಅಡ್ಡಲಾಗಿ, ಮೊನೆ ಮೇಲಾಗಿ ನಿಲ್ಲುತ್ತದೆ.

4. ಆ ತುದಿಗೆ ಇನ್ನೂ ತೆಳುವಾದ ದಾರ ಕಟ್ಟಿ, ಅದಕ್ಕೆ ಗುಂಡು ಕಟ್ಟಿರಿ.

5. ಗಾಳಕ್ಕೆ ಜೀವಂತ ಶೆಟ್ಲಿ ಅಥವಾ ಅಂಗಡಿಯ ರಬ್ಬರ್ ಶೆಟ್ಲಿ ಸಿಕ್ಕಿಸಿರಿ.

ನಾಲ್ಕನೆಯದನ್ನು ಮರೆಯಬೇಡಿ. ಗುಂಡು ಕಲ್ಲಿಗೆ ಸಿಕ್ಕರೆ ತೆಳು ದಾರ ಮೊದಲು ಹರಿಯುತ್ತದೆ, ಗಾಳ ವಾಪಸ್ ಕೈಗೆ ಬರುತ್ತದೆ. ದುಡ್ಡೂ ಉಳೀತು, ಕಾಲೂ ಉಳೀತು.

ಹರಿದರೆ ಗುಂಡು ಹೊಳೆಯಲ್ಲೇ ಉಳಿಯುವುದರಿಂದ ಸೀಸದ ಬದಲು ಹಳೆ ಬೋಲ್ಟು, ನಟ್ಟು ಕಟ್ಟಿದರೂ ಸಾಕು. ಸೀಸ ವಿಷ. ಅಡಿಗೆ ಒಲೆಯಲ್ಲಿ ಅದನ್ನು ಕರಗಿಸಬೇಡಿ, ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ಬಿಗಿಯಲು ಮಕ್ಕಳಿಗೆ ಬಿಡಬೇಡಿ. ಗಾಳ ಕಾಲಿಗೆ ಹೊಕ್ಕರೆ ಜಗ್ಗಬೇಡಿ. ಅದರ ಹಿಮ್ಮುಳ್ಳು ಮಾಂಸ ಹರಿಯುತ್ತದೆ. ಆಸ್ಪತ್ರೆಗೆ ಹೋಗಿ ತೆಗೆಸಿ, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕೇಳಿರಿ.

ಮುಂದಿನ ವಾರದ ಸಭೆಗೆ ಒಂದು ಗಾಳ, ಎರಡು ಬಗೆಯ ದಾರ, ಒಂದು ನಟ್ಟು ತನ್ನಿ. ಮೊನೆಗೆ ಬೂಚು ಚುಚ್ಚಿಟ್ಟು, ಎಲ್ಲರೂ ಕೂತು ಒಮ್ಮೆ ಕಟ್ಟಿ ಕಲಿಯಿರಿ. ಆಮೇಲೆ ಮನೆಯಲ್ಲಿ ಗಂಡನಿಗೂ ಮಗನಿಗೂ ಕಲಿಸಿರಿ.