ರೈಲು ಹೋಗದ ರಾತ್ರಿ ನಿದ್ದೆ ಹತ್ತಲಿಲ್ಲ

ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್‌ಗೆಂದು ಧಾರವಾಡದ ಸಪ್ತಾಪುರಕ್ಕೆ ಬಂದ ಮೊದಲ ರಾತ್ರಿ ನನಗೆ ನಿದ್ದೆಯೇ ಹತ್ತಲಿಲ್ಲ. ಹೊಸ ಜಾಗ, ಸೊಳ್ಳೆ ಎಂದೆಲ್ಲ ಅಂದುಕೊಂಡೆ. ಎರಡು ಗಂಟೆಯ ಹೊತ್ತಿಗೆ ಕಾರಣ ಹೊಳೆಯಿತು. ಶೆಲ್ಫಿನ ಮೇಲಿನ ತಾಟು ಒಮ್ಮೆಯೂ ಗಡಗಡ ಎಂದಿರಲಿಲ್ಲ!

ಸವಣೂರು ತಾಲ್ಲೂಕಿನ ಯಲವಿಗಿ ಸ್ಟೇಷನ್ ಹತ್ತಿರ ನಮ್ಮ ಮನೆ. ಹಿತ್ತಲ ಬಾಗಿಲು ತೆರೆದರೆ ಹುಬ್ಬಳ್ಳಿ–ಬೆಂಗಳೂರು ಮಾರ್ಗ. ಮೀಟರ್ ಗೇಜ್ ಕಾಲದ ಕಥೆಗಳನ್ನು ಅಜ್ಜ ಹೇಳುತ್ತಿದ್ದ. ನಾನು ನೋಡುತ್ತಿದ್ದಂತೆ ಒಂಟಿ ಹಳಿ ಜೋಡಿಯಾಯಿತು, ಮೇಲೆ ವಿದ್ಯುತ್ ತಂತಿ ಬಂತು. 2023ರ ಜೂನ್‌ನಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ಕೂಡ ಓಡುತ್ತಿದೆ. ನಮ್ಮಲ್ಲಿ ಅದು ನಿಲ್ಲುವುದಿಲ್ಲ. ನಮಗೆ ಸಿಗುವುದು ಅದರ ಗಾಳಿ ಮಾತ್ರ.

ಪಿ.ಜಿ. ರೂಮಿನಲ್ಲಿ ನಾವು ನಾಲ್ವರು, ಎಲ್ಲರೂ ಹಾವೇರಿ ಜಿಲ್ಲೆಯವರೇ. ಹಾನಗಲ್ಲಿನ ಗೆಳತಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. 'ನಿಮಗೇನವಾ, ಬಾಗಿಲಿಗೇ ರೈಲು. ನಮಗ ಹಾವೇರಿತನಕ ಬಸ್ಸಿಗೆ ಜೋತಾಡಬೇಕು' ಎನ್ನುತ್ತಾಳೆ. ಶಿಗ್ಗಾವಿಯವಳಿಗೆ ರೈಲಿಲ್ಲ, ಆದರೆ ಹೆದ್ದಾರಿಯ ಲಾರಿಗಳ ಸದ್ದು ಪುಕ್ಕಟೆ. ಹಿರೇಕೆರೂರಿನವಳು ಮಾತ್ರ ಸುಮ್ಮನಿರುತ್ತಾಳೆ. ಅವರ ಕಡೆ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗದ ಮಾತು ಬಂದಾಗಿನಿಂದ ಅಪ್ಪಂದಿರ ಚಿಂತೆ ಬೇರೆ. ರೈಲು ಬೇಕು, ಆದರೆ ಅದು ಯಾರ ಹೊಲದ ಮೇಲೆ ಹೋಗಬೇಕು? ಈ ಪ್ರಶ್ನೆಗೆ ನಮ್ಮ ಯಾವ ಗೈಡ್‌ನಲ್ಲೂ ನಾಲ್ಕು ಆಯ್ಕೆಯ ಉತ್ತರವಿಲ್ಲ.

ಸದ್ದಿನ ಬಗ್ಗೆಯೂ ಓದಿದ್ದೇನೆ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ನಮ್ಮ ಹಿತ್ತಲಿಗೆ ಬರುವ ಹಾರ್ನ್ ಆ ನಿಯಮ ಓದಿದಂತಿಲ್ಲ. ಹಾಗೆಂದು ಲೋಕೊ ಪೈಲಟ್‌ಗೆ ಬೈಯುವಂತಿಲ್ಲ. ಗೇಟಿಗೆ ಮೊದಲು ನೆಟ್ಟಿರುವ ಹಳದಿ ಫಲಕ ಕಂಡಕೂಡಲೇ ಹಾರ್ನ್ ಹೊಡೆಯುವುದು ಅವರ ಕರ್ತವ್ಯ. ನಮ್ಮ ನಿದ್ದೆ ಕೆಡಿಸುವ ಆ ಸದ್ದೇ ಯಾರದೋ ಜೀವ ಉಳಿಸುತ್ತದೆ.

ಇದು ನನಗೆ ಅರ್ಥವಾದದ್ದು ಪದವಿಯ ಎರಡನೇ ವರ್ಷದಲ್ಲಿ. ಹಾವೇರಿಯ ಕಾಲೇಜಿಗೆ ಪ್ಯಾಸೆಂಜರ್ ಹಿಡಿಯುವ ಅವಸರ. ಸುತ್ತಿ ಬರಲು ಹತ್ತು ನಿಮಿಷ, ಹಳಿ ದಾಟಿದರೆ ಎರಡೇ ನಿಮಿಷ. ಚಿಕ್ಕಂದಿನಿಂದ ದಾಟಿದ್ದೇ ದಾರಿ. ಆ ದಿನ ಒಂದು ಗೂಡ್ಸ್ ನಿಂತಿತ್ತು. ಅದರ ಹಿಂದಿನಿಂದ ಸುತ್ತಿ ಪಕ್ಕದ ಹಳಿಗೆ ಕಾಲಿಡುವವಳಿದ್ದೆ, ಕಿವಿಯಲ್ಲಿ ಇಯರ್‌ಫೋನ್. ಯಾರೋ ಹಿಂದಿನಿಂದ ಚೀಲ ಹಿಡಿದು ಎಳೆದರು. ಬಿದ್ದೆ. ಕಣ್ಣೆದುರೇ ಎಕ್ಸ್‌ಪ್ರೆಸ್ ಹಾದುಹೋಯಿತು. ಎಳೆದವರು ಹಳಿ ರಿಪೇರಿಯ ಟ್ರ್ಯಾಕ್‌ಮನ್ ಕಾಕಾ. ಬೈಯಲಿಲ್ಲ, ಅವರ ಕೈ ನನಗಿಂತ ಹೆಚ್ಚು ನಡುಗುತ್ತಿತ್ತು.

ಆಮೇಲೆ ಲೆಕ್ಕ ಹಾಕಿದೆ. ಗಂಟೆಗೆ 100 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. ಬ್ರೇಕ್ ಹಾಕಿದರೂ ನಿಲ್ಲಲು ನೂರಾರು ಮೀಟರ್ ಬೇಕು. ಡೀಸೆಲ್ ಎಂಜಿನ್ ದೂರದಿಂದಲೇ ಗುಡುಗುತ್ತಿತ್ತು. ವಿದ್ಯುತ್ ಎಂಜಿನ್ ಅಷ್ಟು ಸದ್ದು ಮಾಡದೆ ಬರುತ್ತದೆ. ಜೋಡಿ ಹಳಿಯಲ್ಲಿ ಒಂದು ರೈಲು ಇನ್ನೊಂದನ್ನು ಮರೆಮಾಡುತ್ತದೆ. ಅಂದರೆ ನಮ್ಮ ಹಳೆಯ ರೂಢಿ ಹಾಗೇ ಇದೆ, ಹಳಿ ಮಾತ್ರ ಬದಲಾಗಿದೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಹೀಗೆ ಅತಿಕ್ರಮವಾಗಿ ದಾಟಿದರೆ ಆರು ತಿಂಗಳವರೆಗೆ ಸಜೆ ಅಥವಾ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪರೀಕ್ಷೆಗೆಂದು ಇದನ್ನು ಬಾಯಿಪಾಠ ಮಾಡುವಾಗ ಬೆನ್ನಲ್ಲಿ ಚಳಿ ಹುಟ್ಟಿತು.

ಈಗ ನಾನು ರೈಲ್ವೆ ನೇಮಕಾತಿ ಪರೀಕ್ಷೆಗೂ ಅರ್ಜಿ ಹಾಕಿದ್ದೇನೆ. ಕೆಲಸ ಸಿಗುತ್ತದೋ ಇಲ್ಲವೋ, ಹಳಿಯ ಪಕ್ಕ ಬದುಕುವುದನ್ನಂತೂ ಕಲಿತಿದ್ದೇನೆ. ರಜೆಗೆ ಊರಿಗೆ ಹೋದಾಗ ರೈಲಿನ ಸದ್ದಿನಲ್ಲೇ ಓದುತ್ತೇನೆ. ಒಂದು ರೈಲಿನಿಂದ ಇನ್ನೊಂದು ರೈಲಿನವರೆಗೆ ಒಂದು ಅಧ್ಯಾಯ. ಪೂರ್ತಿ ಮೌನಕ್ಕಾಗಿ ಕಾಯುತ್ತ ಕುಳಿತರೆ ಸಿಲಬಸ್ ಎಂದೂ ಮುಗಿಯದು. ಆದರೆ ಹಳಿಯ ಹತ್ತಿರ ಹೋಗುವಾಗ ಇಯರ್‌ಫೋನ್ ಚೀಲದೊಳಗೆ, ದಾಟುವುದು ಮೇಲ್ಸೇತುವೆ ಅಥವಾ ಗೇಟಿನಲ್ಲೇ. ಹತ್ತು ನಿಮಿಷ ತಡವಾದರೆ ಒಂದು ತರಗತಿ ತಪ್ಪೀತು, ಅಷ್ಟೇ.

ಅಂದು ಹರಿದ ಚೀಲದ ಪಟ್ಟಿಯನ್ನು ಅವ್ವ ಹೊಲಿದು ಕೊಟ್ಟಿದ್ದಳು. 'ಹೆಂಗ ಹರೀತು?' ಎಂದಾಗ 'ಬಸ್ಸಿನ್ಯಾಗ ಸಿಕ್ಕಿತ್ತು' ಎಂದು ಸುಳ್ಳು ಹೇಳಿದ್ದೆ. ಅವ್ವ ಈ ಪುಟ ತಪ್ಪದೇ ಓದುತ್ತಾಳೆ. ಅದಕ್ಕೇ ಇಲ್ಲಿ ಬರೆದಿದ್ದೇನೆ.