ಮಲಗಿ ಎದ್ದರೂ ಹೋಗದ ದಣಿವು

ಎಂಟು ತಾಸು ಮಲಗಿ ಎದ್ದರೂ ಮೈ ಹಗುರಾಗದೆ, ಮುಂಜಾನೆಯೇ ಸಂಜೆಯಾದಂತೆ ಅನ್ನಿಸುವ ದಣಿವಿಗೆ ಗದಗ ಸೀಮೆಯ ಮಾತಿನಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ನಿತ್ರಾಣ ಎನ್ನುತ್ತಾರೆ, ಕೈಕಾಲು ಸೋತಾವು ಎನ್ನುತ್ತಾರೆ, ಯಾಕೋ ಜೀವಾ ಹಗುರಿಲ್ಲ ಎನ್ನುತ್ತಾರೆ. ಇವು ಒಂದೇ ಅಲ್ಲ. ನಿತ್ರಾಣ ಮೈಯದು, ಜೀವ ಹಗುರಿಲ್ಲದ್ದು ಮನಸ್ಸಿನದು, ಕೈಕಾಲು ಸೋಲುವುದು ಇವೆರಡರ ನಡುವಿನದು. ಈಚಿನ ವರ್ಷಗಳಲ್ಲಿ ಈ ಎಲ್ಲವನ್ನೂ ‘ಟೆನ್ಷನ್’ ಎಂಬ ಒಂದೇ ಪದ ನುಂಗಿದೆ. ಕೆಲಸ ಹೆಚ್ಚಾದವರ ಸುಸ್ತಿಗೆ ಟೆನ್ಷನ್ ಕಾರಣ ಎಂದು ಮನೆಯವರು, ನೆರೆಹೊರೆಯವರು, ಕೆಲವೊಮ್ಮೆ ವೈದ್ಯರೂ ತೀರ್ಮಾನ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಹುಡುಕಾಟ ನಿಲ್ಲುತ್ತದೆ. ಕಾರಣ ತಿಳಿಯದ ದಣಿವು ಎಂದು ಕರೆಸಿಕೊಳ್ಳುವುದರಲ್ಲಿ ಬಹುಪಾಲು, ಕಾರಣವನ್ನು ಯಾರೂ ಹುಡುಕದ ದಣಿವು.

ವೈದ್ಯಶಾಸ್ತ್ರಕ್ಕೂ ಇದಕ್ಕೆ ಹೆಸರಿಡುವ ಅವಸರ ಹಳೆಯದು. 1869ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ‘ನ್ಯೂರಸ್ತೇನಿಯಾ’ ಎಂದು ಕರೆದು, ನರಗಳ ಶಕ್ತಿ ಖರ್ಚಾಗಿಹೋಗುವ ಕಾಯಿಲೆ ಎಂದ. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳ ಮೇಲಿನ ಪ್ರಯೋಗಗಳಿಂದ, ಪೀಡೆ ಯಾವುದೇ ಇರಲಿ, ದೇಹ ಮೊದಲು ಎಚ್ಚೆತ್ತು, ಆಮೇಲೆ ತಡೆದುಕೊಂಡು, ಕೊನೆಗೆ ಸೋಲುತ್ತದೆ ಎಂದು ತೋರಿಸಿದ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ‘ಬರ್ನ್‌ಔಟ್’ ಎಂಬ ಪದ ತಂದ. ಅವನು ಗಮನಿಸಿದ್ದು ಉಚಿತ ಚಿಕಿತ್ಸಾಲಯದಲ್ಲಿ ಸೇವಾ ಮನೋಭಾವದಿಂದ ದುಡಿಯುತ್ತಿದ್ದವರನ್ನು, ತನ್ನನ್ನೂ ಸೇರಿಸಿಕೊಂಡು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹನ್ನೊಂದನೆಯ ರೋಗ ವರ್ಗೀಕರಣದಲ್ಲಿ ಬರ್ನ್‌ಔಟನ್ನು ಸೇರಿಸಿತು. ಆದರೆ ರೋಗವೆಂದಲ್ಲ, ಉದ್ಯೋಗದಿಂದ ಹುಟ್ಟುವ ಸ್ಥಿತಿಯೆಂದು. ಅದರ ಗುರುತು ಮೂರು: ಬಳಲಿಕೆ, ಕೆಲಸದ ಬಗ್ಗೆ ಅಸಡ್ಡೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ.

ಯಾವ ಕೆಲಸ ಹೆಚ್ಚು ಸುಡುತ್ತದೆ ಎಂಬುದಕ್ಕೆ ಎರಡು ಲೆಕ್ಕಗಳಿವೆ. 1979ರಲ್ಲಿ ರಾಬರ್ಟ್ ಕರಾಸೆಕ್ ಹೇಳಿದ್ದು: ಕೆಲಸದ ಹೊರೆ ಹೆಚ್ಚು, ಅದರ ಮೇಲಿನ ಹಿಡಿತ ಕಡಿಮೆ ಇದ್ದರೆ ಅಪಾಯ. 1996ರಲ್ಲಿ ಯೊಹಾನೆಸ್ ಸೀಗ್ರಿಸ್ಟ್ ಹೇಳಿದ್ದು: ಹಾಕುವ ಶ್ರಮಕ್ಕೆ ಸಿಗುವ ಹಣ, ಗೌರವ, ಭದ್ರತೆ ಸಾಟಿಯಾಗದಿದ್ದರೆ ಅಪಾಯ. ಬೆಟಗೇರಿಯ ಕುಣಿ ಮಗ್ಗದ ನೇಕಾರ ಮೊದಲ ಲೆಕ್ಕಕ್ಕೂ ಎರಡನೆಯದಕ್ಕೂ ಸಿಗುತ್ತಾನೆ. ನೂಲು ಕೊಡುವವನು ಬೇರೆ, ಸೀರೆಯ ದರ ಕಟ್ಟುವವನು ಬೇರೆ, ಅವನ ಕೈಯಲ್ಲಿರುವುದು ಲಾಳಿ ಮಾತ್ರ. ಲಕ್ಷ್ಮೇಶ್ವರ, ಶಿರಹಟ್ಟಿಯ ಹಳ್ಳಿಗಳಿಗೆ ರಾತ್ರಿ ವಸ್ತಿ ಬಸ್ ಒಯ್ದು ನಸುಕಿನಲ್ಲಿ ತಿರುಗಿ ತರುವ ಚಾಲಕನೂ ಹಾಗೆಯೇ. ಆದರೆ ಈ ಸೀಮೆಯಲ್ಲಿ ಎರಡೂ ಲೆಕ್ಕ ತುಂಬಿ ತುಳುಕುವ ಉದ್ಯೋಗ ಒಂದಿದೆ. ಅದನ್ನು ಉದ್ಯೋಗವೆಂದು ಸರ್ಕಾರ ಇನ್ನೂ ಒಪ್ಪಿಲ್ಲ.

ಆ ಉದ್ಯೋಗ ಆಶಾ ಕಾರ್ಯಕರ್ತೆಯರದು. ಅವರು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಕೂಸು. ಸಾವಿರ ಜನಸಂಖ್ಯೆಗೆ ಒಬ್ಬರು. ದಾಖಲೆಯಲ್ಲಿ ಅವರು ಸ್ವಯಂಸೇವಕಿಯರು, ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ. ಬಸುರಿಯರ ನೋಂದಣಿ, ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವುದು, ಕೂಸುಗಳ ಲಸಿಕೆ, ಕ್ಷಯರೋಗಿಗಳ ಗುಳಿಗೆ, ಲಾರ್ವಾ ಸಮೀಕ್ಷೆ, ಇವೆಲ್ಲ ಮುಗಿದ ಮೇಲೆ ಮೊಬೈಲಿನಲ್ಲಿ ಮಾಹಿತಿ ತುಂಬುವುದು. ಹೆರಿಗೆ ನೋವಿಗೆ ಹೊತ್ತುಗೊತ್ತಿಲ್ಲದ ಕಾರಣ ರಾತ್ರಿಯೂ ಇವರದಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವದ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನ ಚಳಿಯಲ್ಲಿ ಧರಣಿ ಕೂತರು. ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆಯ ಮೇಲೆ ಎದ್ದರು. ಸೀಗ್ರಿಸ್ಟ್‌ನ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಪಠ್ಯಪುಸ್ತಕವೂ ಕೊಡಲಾರದು.

ಇಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಟೆನ್ಷನ್ ಎಂಬ ತೀರ್ಮಾನಕ್ಕೇ ಬಂದಂತೆ. ಕೆಲಸದ ಹೊರೆಯ ಕೆಳಗೆ ಮೈ ಹೇಗಿದೆ ಎಂಬುದು ಮುಂದಿನ ಪ್ರಶ್ನೆ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಬಸುರಿಯಲ್ಲದ ಹೆಂಗಸಿನ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಸ್ನಾಯುಗಳಿಗೆ ಆಮ್ಲಜನಕ ಸಾಲದೆ ಮೆಟ್ಟಿಲೇರಿದರೆ ಏದುಸಿರು, ಎದೆ ಡವಡವ, ತಲೆ ಜೋಮು. ಈ ಯಾವ ಲಕ್ಷಣವೂ ಟೆನ್ಷನ್ನಿನ ಲಕ್ಷಣಕ್ಕಿಂತ ಬೇರೆಯಾಗಿ ಕಾಣುವುದಿಲ್ಲ. ಬೆರಳು ಚುಚ್ಚಿ ನೋಡಿದರಷ್ಟೇ ಗೊತ್ತಾಗುತ್ತದೆ.

ಊರಿನಲ್ಲಿ ಈ ಸುಸ್ತಿಗೆ ಇರುವ ಮೊದಲ ಔಷಧ ಸಲೈನ್. ‘ಒಂದ್ ಸಲೈನ್ ಹಚ್ರೀ ಡಾಕ್ಟ್ರ’ ಎಂದು ಕೇಳಿ ಹಚ್ಚಿಸಿಕೊಳ್ಳುವವರು ಎಲ್ಲ ತಾಲ್ಲೂಕುಗಳಲ್ಲೂ ಇದ್ದಾರೆ. ಶೇ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ವಾಂತಿ-ಭೇದಿಯಾಗಿ ನೀರು ಕಳೆದುಕೊಂಡವರಿಗೆ ಸಲೈನ್ ಜೀವ ಉಳಿಸುತ್ತದೆ. ಆದರೆ ರಕ್ತ ಕಡಿಮೆಯಾದವರಿಗೆ ಅದರಿಂದ ಸಿಗುವುದು ಒಂದು ತಾಸು ಮಲಗುವ ಅವಕಾಶ. ಬಹುಶಃ ಆರಾಮ ಅನ್ನಿಸುವುದೂ ಅದರಿಂದಲೇ.

ಎರಡನೆಯ ಔಷಧ ಚಹಾ. ಇದರ ಕಥೆ ವಿಚಿತ್ರವಾಗಿದೆ, ಸ್ವಲ್ಪ ಹೊತ್ತು ನಿಂತು ನೋಡಬೇಕಾದದ್ದು. ಮನೆಮನೆ ತಿರುಗುವ ಆಶಾಗೆ ಹೋದಲ್ಲೆಲ್ಲ ಅರ್ಧ ಕಪ್ ಚಹಾ ಎದುರಾಗುತ್ತದೆ. ಬೇಡವೆಂದರೆ ಮನೆಯವರಿಗೆ ಬೇಜಾರು. ಊಟ ತಪ್ಪಿದ ಮಧ್ಯಾಹ್ನ ಹಸಿವನ್ನು ಅಡಗಿಸುವುದೂ ಅದೇ. ಚಹಾದಲ್ಲಿರುವ ಟ್ಯಾನಿನ್ ಮುಂತಾದ ಅಂಶಗಳು ಕಾಳು, ಪಲ್ಲೆ, ರೊಟ್ಟಿಯಲ್ಲಿರುವ ಕಬ್ಬಿಣವನ್ನು ಕರುಳಿನಲ್ಲಿ ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಹೀರಿಕೆ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯಿತು. ಒಂದು ತಾಸು ಬಿಟ್ಟು ಕುಡಿದಾಗ ಆ ಅಡ್ಡಿ ಅರ್ಧದಷ್ಟಾಯಿತು. ಜೋಳದಲ್ಲಿರುವ ಫೈಟೇಟ್ ಕೂಡ ಕಬ್ಬಿಣಕ್ಕೆ ಅಡ್ಡ ನಿಲ್ಲುವಂಥದ್ದೇ. ಹಾಗಾಗಿ ಖಟಕ ರೊಟ್ಟಿ ತಿಂದು ಕೈ ತೊಳೆದ ಕೂಡಲೇ ಚಹಾ ಕುಡಿಯುವ ಪದ್ಧತಿ, ಮೆಂತ್ಯ ಪಲ್ಲೆ, ಹೆಸರುಕಾಳಿನ ಲಾಭವನ್ನೂ ತಿಂದುಹಾಕುತ್ತದೆ. ಅದೇ ಊಟದ ಮೇಲೆ ನಿಂಬೆ ಹಿಂಡಿಕೊಂಡರೆ, ಸಿ ವಿಟಮಿನ್‌ನಿಂದಾಗಿ ಹೀರಿಕೆ ಏರುತ್ತದೆ. ಪುಂಡಿ ಪಲ್ಲೆಯ ಹುಳಿಯನ್ನು ಪ್ರೀತಿಸುವ ಸೀಮೆಗೆ ನಿಂಬೆ ದೂರದ್ದೇನೂ ಅಲ್ಲ. ಸುಸ್ತಾಯಿತೆಂದು ಚಹಾ, ಚಹಾದಿಂದ ಕಬ್ಬಿಣ ಕಡಿತ, ಕಬ್ಬಿಣ ಕಡಿಮೆಯಾದದ್ದಕ್ಕೆ ಮತ್ತೆ ಸುಸ್ತು: ಗಾಣದ ಎತ್ತಿನ ಹಾಗೆ ಇದು ಸುತ್ತುತ್ತಲೇ ಇರುತ್ತದೆ.

ಚಹಾ ಗಿಡಕ್ಕೆ ಇನ್ನೊಂದು ಗುಣವಿದೆ. ಮಣ್ಣಿನ ಫ್ಲೋರೈಡನ್ನು ಎಳೆದು ಎಲೆಯಲ್ಲಿ ಕೂಡಿಡುತ್ತದೆ, ಬಲಿತ ಎಲೆಯಲ್ಲಿ ಹೆಚ್ಚು. ಅಗ್ಗದ ಪುಡಿಯಲ್ಲಿ ಬಲಿತ ಎಲೆಯ ಪಾಲು ಜಾಸ್ತಿ. ಬೇರೆ ಕಡೆ ಇದು ಕುತೂಹಲದ ಸಂಗತಿ ಮಾತ್ರ. ಮುಂಡರಗಿ ತಾಲ್ಲೂಕಿನಲ್ಲಿ ಹಾಗಲ್ಲ. ಅಲ್ಲಿ ಚಹಾ ಕುದಿಸುವ ನೀರಿನಲ್ಲೇ ಫ್ಲೋರೈಡ್ ಇದೆ.

ಗದಗ ಜಿಲ್ಲೆಯ ಗಟ್ಟಿ ಕಲ್ಲಿನ ನೆಲದಲ್ಲಿ, ಅದರಲ್ಲೂ ಮುಂಡರಗಿ ಭಾಗದಲ್ಲಿ, ಕೊಳವೆ ಬಾವಿಯ ನೀರು ಫ್ಲೋರೈಡಿಗೆ ಕುಖ್ಯಾತ. ಕಲ್ಲಿನಲ್ಲಿರುವ ಖನಿಜಗಳಿಂದ, ಕ್ಷಾರ ಹೆಚ್ಚು, ಕ್ಯಾಲ್ಸಿಯಂ ಕಡಿಮೆ ಇರುವ ನೀರಿಗೆ ಅದು ಸುಲಭವಾಗಿ ಕರಗುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವಲ್ಲಿ ನೀರು ನೆಲದೊಳಗೆ ಬಹುಕಾಲ ನಿಂತು ಇನ್ನಷ್ಟು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟದಿದ್ದರೆ ಒಳ್ಳೆಯದು, 1.5 ಮಿಲಿಗ್ರಾಂ ಮೇರೆ. ತಾಲ್ಲೂಕಿನ ಹಲವು ಹಳ್ಳಿಗಳ ಬೋರುಗಳು ಈ ಮೇರೆ ದಾಟಿವೆ. ಹಲ್ಲಿನ ಮೇಲಿನ ಕಂದು ಗೆರೆ, ಬಗ್ಗದ ಸೊಂಟ, ಮಡಚಲಾಗದ ಮೊಣಕಾಲು ಎಲ್ಲರಿಗೂ ಗೊತ್ತಿರುವ ಗುರುತುಗಳು. ಭಾರತದಲ್ಲಿ ಫ್ಲೋರೈಡಿನ ಈ ಕಾಯಿಲೆಯನ್ನು ಮೊದಲು ವರದಿ ಮಾಡಿದ್ದು 1937ರಲ್ಲಿ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನೆಲ್ಲೂರಿನಿಂದ.

ಹೆಚ್ಚಿನವರಿಗೆ ತಿಳಿಯದ್ದು, ಎಲುಬಿಗೆ ಹೋಗುವ ಮೊದಲೇ ಫ್ಲೋರೈಡ್ ತೋರಬಹುದಾದ ಸಣ್ಣ ಲಕ್ಷಣಗಳು: ಹೊಟ್ಟೆನೋವು, ಬಾಯಾರಿಕೆ, ಪದೇಪದೇ ಮೂತ್ರ, ಸ್ನಾಯುಗಳ ನಿಶ್ಶಕ್ತಿ ಮತ್ತು ದಣಿವು. ಈ ಕಡೆ ಗಮನ ಸೆಳೆದವರು ದೆಹಲಿಯ ವಿಜ್ಞಾನಿ ಎ. ಕೆ. ಸುಶೀಲಾ. ಅವರ ತಂಡ 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ರಕ್ತಹೀನತೆಯ ಬಸುರಿಯರ ನೀರು-ಆಹಾರದಿಂದ ಫ್ಲೋರೈಡ್ ದೂರಮಾಡಿ ಪೌಷ್ಟಿಕ ಆಹಾರದ ಸಲಹೆ ಕೊಟ್ಟಾಗ ಹಿಮೋಗ್ಲೋಬಿನ್ ಏರಿದ್ದನ್ನು ವರದಿ ಮಾಡಿತು. ಹೊಟ್ಟೆಯ ಒಳಪದರಕ್ಕೆ ಫ್ಲೋರೈಡ್ ಪೆಟ್ಟು ಕೊಟ್ಟು ಪೋಷಕಾಂಶ ಹೀರದಂತೆ ಮಾಡುತ್ತದೆ ಎಂಬುದು ಅವರ ವಿವರಣೆ. ಎಲ್ಲ ವೈದ್ಯರೂ ಇದನ್ನು ಪೂರ್ತಿ ಒಪ್ಪಿದ್ದಾರೆಂದು ಹೇಳಲಾಗದು. ಆಹಾರ ಸುಧಾರಿಸಿದ್ದರಿಂದಲೇ ರಕ್ತ ಏರಿತೇ ಎಂಬ ಸಂಶಯಕ್ಕೆ ಜಾಗವಿದೆ. ಆದರೂ ಮುಂಡರಗಿಯಂಥ ತಾಲ್ಲೂಕಿನಲ್ಲಿ ಗುಳಿಗೆ ನುಂಗಿಯೂ ರಕ್ತ ಏರದ ಹೆಂಗಸಿಗೆ ‘ಗುಳಿಗೆ ಸರಿಯಾಗಿ ತಗೊಂಡಿಲ್ಲ’ ಎಂದು ಗದರುವ ಮೊದಲು, ಯಾವ ಬೋರಿನ ನೀರು ಕುಡಿಯುತ್ತೀ ಎಂದು ಕೇಳುವುದರಲ್ಲಿ ನಷ್ಟವಿಲ್ಲ. ನೀರಿನ ಮಾದರಿ, ಮೂತ್ರದ ಮಾದರಿ, ಎರಡನ್ನೂ ಪರೀಕ್ಷಿಸಬಹುದು.

ಹಳ್ಳಿಗಳಲ್ಲಿ ಐದು ರೂಪಾಯಿ ಹಾಕಿ ಕೊಡ ತುಂಬಿಸುವ ಶುದ್ಧ ನೀರಿನ ಘಟಕಗಳು ಬಂದಿವೆ. ಗದಗಿನವರೇ ಆದ ಎಚ್. ಕೆ. ಪಾಟೀಲರು 2013ರಿಂದ 2018ರವರೆಗೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಇವು ರಾಜ್ಯದುದ್ದಕ್ಕೂ ಹರಡಿದವು. ತುಂಗಭದ್ರೆಯ ನೀರೂ ಬಹುಗ್ರಾಮ ಯೋಜನೆಗಳಲ್ಲಿ ಹಲವು ಊರು ಮುಟ್ಟಿದೆ. ಕರೆಂಟು ಹೋದ ದಿನ, ಫಿಲ್ಟರ್ ಕೆಟ್ಟ ವಾರ, ಪೈಪು ಒಡೆದ ತಿಂಗಳು ಜನ ಮತ್ತೆ ಬೋರಿಗೇ ಹೋಗುತ್ತಾರೆ. ಕುಡಿಯುವ ನೀರು ಘಟಕದ್ದಾದರೂ ಬೇಳೆ ಬೇಯುವುದು, ಚಹಾ ಕುದಿಯುವುದು ಬೋರಿನ ನೀರಿನಲ್ಲಿಯೇ ಆದರೆ ಲಾಭ ಅರ್ಧ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸಬಹುದು. ಥೈರಾಯ್ಡ್ ಕುಂದಿದರೆ ದಣಿವು, ಚಳಿ, ತೂಕ ಏರಿಕೆ. ಟಿಎಸ್‌ಎಚ್ ಪರೀಕ್ಷೆ ಹೇಳುತ್ತದೆ. ಸಕ್ಕರೆ ಕಾಯಿಲೆ ದಣಿವಿನಿಂದಲೇ ಶುರುವಾಗಬಹುದು. ಶಾಖಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅಂಗಾಲು ಜುಂ ಎನ್ನುವುದು ಅದರ ಸುಳಿವು. ಹಾಲು, ಮೊಸರು, ಮಜ್ಜಿಗೆಯಲ್ಲಿ ಅದು ಇದೆಯಾದರೂ ಚಹಾಕ್ಕೆ ಹಾಕುವಷ್ಟು ಹಾಲು ಸಾಲದು. ಕ್ಷಯ ಮತ್ತು ಖಿನ್ನತೆಯನ್ನೂ ಮರೆಯುವಂತಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದ ದಣಿವು ಕೆಲವರಿಗೆ ಉಳಿಯುತ್ತದೆ. ಆರು ತಿಂಗಳು ದಾಟಿ, ಸಣ್ಣ ಕೆಲಸ ಮಾಡಿದ ಮರುದಿನ ಹಾಸಿಗೆ ಹಿಡಿಯುವಂತಾದರೆ ಅದು ದೀರ್ಘಕಾಲದ ಬಳಲಿಕೆಯ ಕಾಯಿಲೆ ಇರಬಹುದು. ‘ಮುಂಜಾನೆ ವಾಕಿಂಗ್ ಮಾಡ್ರಿ, ಎಲ್ಲಾ ಹೋಗತೈತಿ’ ಎಂಬ ಉಪದೇಶ ಇವರಿಗೆ ಕೇಡು ಮಾಡುತ್ತದೆ. ದಿನಕ್ಕೆ ಇಷ್ಟಿಷ್ಟೇ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಬ್ರಿಟನ್ನಿನ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿತು. ಇರುವ ಶಕ್ತಿಯನ್ನು ಅಳೆದು ಖರ್ಚು ಮಾಡುವುದೇ ಇವರ ದಾರಿ.

ಮನಸ್ಸಿನ ಆರೈಕೆಗೂ ಈ ಸೀಮೆ ದೂರ ಹೋಗಬೇಕಿಲ್ಲ. ಮಾನಸಿಕ ಆರೋಗ್ಯವನ್ನು ತಾಲ್ಲೂಕು, ಪ್ರಾಥಮಿಕ ಕೇಂದ್ರಗಳ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ನಡೆಸಿದ್ದು ಆಗ ಪಕ್ಕದ ಜಿಲ್ಲೆಯಾಗಿದ್ದ ಬಳ್ಳಾರಿಯಲ್ಲಿ. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಬಳ್ಳಾರಿ ಮಾದರಿಯದೇ. ಗದಗಿನ ಮಲ್ಲಸಮುದ್ರದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆ ಇದೆ. ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲುರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಆದರೆ ಕೇಳುವ ಕಿವಿ ಸಿಕ್ಕಿತೆಂದು ಹಿಮೋಗ್ಲೋಬಿನ್ ಏರುವುದಿಲ್ಲ, ಗೌರವಧನ ತಿಂಗಳಿಗೆ ಸರಿಯಾಗಿ ಕೈಸೇರುವುದೂ ಇಲ್ಲ. ಆಪ್ತಸಲಹೆಯನ್ನು ಇವೆರಡರ ಜಾಗದಲ್ಲಿ ಕೂರಿಸುವ ಚಾಳಿ ಇಲಾಖೆಗಳಿಗೆ ಇದೆ.

2018ರಲ್ಲಿ ಶುರುವಾದ ‘ಅನೀಮಿಯಾ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ 20ರಿಂದ 49 ವರ್ಷದ ಹೆಂಗಸರಿಗೆ ವಾರಕ್ಕೊಂದು ಕೆಂಪು ಗುಳಿಗೆ ಇದೆ: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಊಟವಾದ ಮೇಲೆ, ಚಹಾದಿಂದ ದೂರವಿಟ್ಟು, ಸಾಧ್ಯವಾದರೆ ನಿಂಬೆ ನೀರಿನ ಜೊತೆ ನುಂಗಬೇಕು. ಮಲ ಕಪ್ಪಾದರೆ ಹೆದರಬೇಕಿಲ್ಲ. ಈ ಗುಳಿಗೆಯನ್ನು ಮನೆಮನೆಗೆ ಮುಟ್ಟಿಸುವವರು ಆಶಾ ಕಾರ್ಯಕರ್ತೆಯರು. ಅವರಲ್ಲಿ ಹೆಚ್ಚಿನವರು ಅದೇ ವಯಸ್ಸಿನವರು, ಪಟ್ಟಿಯಲ್ಲಿ ಅವರ ಹೆಸರಿಗೂ ವಾರಕ್ಕೊಂದು ಗುಳಿಗೆ ಬರಬೇಕು.